ಮಣ್ಣು ತುಂಬಿದ ನಳಿಗೆ

ಚುನಾವಣೆ ಘೋಷಣೆಯಾದ ವಾರದಲ್ಲಿ ಠಾಣೆಯ ವಾಸನೆ ಬದಲಾಗುತ್ತದೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಕಾಗದ, ಬೆವರು, ಚಹಾದ ವಾಸನೆಯ ಮೇಲೆ ಬಂದೂಕಿನ ಎಣ್ಣೆಯ ವಾಸನೆ ಬಂದು ಕೂರುತ್ತದೆ. ಸುತ್ತಲಿನ ಹಳ್ಳಿಗಳಿಂದ ಪರವಾನಗಿಯ ಬಂದೂಕುಗಳು ಒಂದೊಂದಾಗಿ ಬರತೊಡಗುತ್ತವೆ. ಒಬ್ಬರು ಧೋತರದಲ್ಲಿ ಸುತ್ತಿ ತರುತ್ತಾರೆ, ಒಬ್ಬರು ಗೋಣಿಚೀಲದಲ್ಲಿ, ಇನ್ನೊಬ್ಬರು ಹೆಂಡತಿಯ ಹಳೆಯ ಇಳಕಲ್ ಸೀರೆಯಲ್ಲಿ. ಫಲಿತಾಂಶ ಬಂದು ಒಂದು ವಾರ ಕಳೆಯುವ ತನಕ ಅವು ನಮ್ಮ ಸುಪರ್ದಿಯಲ್ಲಿರಬೇಕು. ಬಂದೂಕಿನ ಹೆದರಿಕೆಯಿಂದ ಯಾರೂ ಮತ ಹಾಕಬಾರದು ಎಂಬುದು ಕಾನೂನಿನ ಆಶಯ.

ವಿಜಯಪುರದ ಸುತ್ತಮುತ್ತಲ ಹಲವು ಠಾಣೆಗಳಲ್ಲಿ ನಾನು ಹವಾಲ್ದಾರನಾಗಿ ಶಸ್ತ್ರದ ಕೋಣೆ ನೋಡಿಕೊಂಡವನು. ನಿವೃತ್ತನಾಗಿ ಈಗ ಜಲನಗರದಲ್ಲಿದ್ದೇನೆ. ಈಚೆಗೆ ಇಲಾಖೆ ಸೇರಿದ ನಮ್ಮ ಓಣಿಯ ಹುಡುಗಿಯೊಬ್ಬಳು, "ಕಾಕಾ, ಬಂದೂಕು ಠೇವಣಿ ಅಂದ್ರ ತಗೊಂಡು ಚೀಟಿ ಬರದು ಕೊಡೂದಷ್ಟ ಅಲ್ಲೇನ್ರಿ?" ಎಂದು ಕೇಳಿದಳು. ನಾನು ಹೌದು ಎಂದೆ. ಆಮೇಲೆ ಆ ಉತ್ತರ ನನಗೇ ಸರಿ ಕಾಣಲಿಲ್ಲ. ಅವಳಿಗೂ ಅವಳಂಥ ಹೊಸಬರಿಗೂ ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬರೆಯುತ್ತೇನೆ. ಕಾರಣ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಮೊದಲ ಮಾತು: ಖಾಲಿ ಇದೆ ಎಂದು ಮಾಲೀಕ ಹೇಳಿದರೆ ನಂಬಬೇಡಿ. ಭೂತನಾಳದಿಂದ ಒಬ್ಬ ಮುದುಕ ಬಂದೂಕು ತಂದಿದ್ದ. "ಖಾಲಿ ಐತೇನ್ರಿ ಅಜ್ಜಾರ?" ಎಂದೆ. "ಖಾಲೀನ ಐತ್ರಿ. ನಮ್ಮಪ್ಪ ಸತ್ತಾಗಿಂದ ಯಾರೂ ಮುಟ್ಟಿಲ್ಲ," ಎಂದ. ಮೂತಿಯನ್ನು ಮರಳಿನ ಬಕೆಟ್ಟಿನ ಕಡೆ ಮಾಡಿ ನಳಿಗೆಯನ್ನು ಕೀಲಿನಲ್ಲಿ ಮಡಚಿ ತೆರೆದು ನೋಡಿದರೆ ಒಳಗೆ ಎರಡು ಕಾಡತೂಸು, ಹಸಿರು ಕಿಲುಬು ಹಿಡಿದು ಉಬ್ಬಿದ್ದವು. ಮುದುಕ ಬಹಳ ಹೊತ್ತು ನೋಡಿದ. "ಹಂಗಾರ ಅದು ನಮ್ಮಪ್ಪ ತುಂಬಿಟ್ಟದ್ದು," ಎಂದು ಕೈ ಮುಗಿದ. ಅವನಪ್ಪ ಯಾರಿಗಾಗಿ ತುಂಬಿಟ್ಟಿದ್ದ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಬಂದೂಕು ಮೊಮ್ಮಕ್ಕಳು ಮಲಗುವ ಕೋಣೆಯಲ್ಲಿತ್ತು.

ಎರಡನೆಯದು: ಜನ ಬಂದೂಕನ್ನು ವಸ್ತು ಎಂದು ಕೊಡುವುದಿಲ್ಲ. ಜೋರಾಪುರ ಪೇಟೆಯ ಒಬ್ಬ ವ್ಯಾಪಾರಿ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಠಾಣೆಗೆ ಬಂದು, "ಹ್ಯಾಂಗ ಐತ್ರಿ ನಮ್ಮದು?" ಎಂದು ಕೇಳುತ್ತಿದ್ದ. ನಮ್ಮ ಕಾನ್‌ಸ್ಟೆಬಲ್‌ಗಳು, "ರಾತ್ರಿ ಬಾಳ ಕೆಮ್ಮತ್ರಿ, ಸಾವಕಾರ್ರ, ಒಂದೀಟ ಬೆಲ್ಲದ ಚಹಾ ಕುಡಿಸೇವಿ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಅವನು ಮಾತ್ರ ಕೋಣೆಯ ಬಾಗಿಲು ನೋಡಿ ಹೋಗುತ್ತಿದ್ದ.

ಪದ್ಧತಿಗಳು ಬದಲಾದವು. ಮೊದಲು ಕಟ್ಟಿಗೆಯ ಬಿಲ್ಲೆಗೆ ದಾರ ಕಟ್ಟಿ ಹೆಸರು ಬರೆಯುತ್ತಿದ್ದೆವು. ಆಮೇಲೆ ಮೊಬೈಲಿನಲ್ಲಿ ಫೋಟೊ ತೆಗೆಯುವುದು ಬಂತು. ಮೊದಲು ಎಲ್ಲರೂ ತಂದುಕೊಡಬೇಕಿತ್ತು. ಆಮೇಲೆ ಯಾರು ಕೊಡಬೇಕು, ಯಾರಿಗೆ ವಿನಾಯಿತಿ ಎಂಬುದನ್ನು ಮೇಲಿನ ಸಮಿತಿ ನೋಡಿ ತೀರ್ಮಾನಿಸತೊಡಗಿತು. ಇದರಿಂದ ನಮ್ಮ ಕೆಲಸ ಹಗುರಾಯಿತು. ಹಳ್ಳಿಗಳಲ್ಲಿ ಮಾತ್ರ, ಯಾರದು ಹೋಯಿತು, ಯಾರದು ಉಳಿಯಿತು ಎಂದು ಜನ ಲೆಕ್ಕ ಹಾಕತೊಡಗಿದರು. ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ನಾನು ನನ್ನ ಸೇವೆಯ ಕೊನೆಯ ಭಾಗದಲ್ಲಿ, ಒಂದು ಬೇಸಿಗೆಯಲ್ಲಿ ಕಂಡೆ.

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಬರುವ ಒಂದು ಊರು. ಹೆಸರು ಬರೆಯುವುದಿಲ್ಲ. ಅಲ್ಲಿಯ ಪಂಚಾಯತಿಯ ಒಂದು ಸ್ಥಾನ ತೆರವಾಗಿ ಉಪಚುನಾವಣೆ ಬಂದಿತ್ತು. ಕೆಳಗಿನ ಓಣಿ, ಜೊತೆಗೆ ಮೇಲಿನ ಕೆಲವು ಮನೆ ಸೇರಿದ ಒಂದೇ ಒಂದು ಸ್ಥಾನ. ಆ ಓಣಿಯವರು ಎಂದಿನಿಂದಲೂ ಮೇಲಿನ ಮನೆಯ ರಾಚನಗೌಡರು ಹೇಳಿದವರಿಗೇ ಮತ ಹಾಕಿಕೊಂಡು ಬಂದವರು. ಗೌಡರು ಯಾರನ್ನೂ ಗದರಿಸಿದ್ದನ್ನು ಕಂಡವರಿಲ್ಲ. ಮತದಾನದ ಹಿಂದಿನ ದಿನ ಓಣಿಯ ಹಿರಿಯರು ಅವರ ಪಡಸಾಲೆಗೆ ಹೋಗಿ ಕೂತು ಚಹಾ ಕುಡಿದು ಬರುತ್ತಿದ್ದರು. ಪಡಸಾಲೆಯ ಗೋಡೆಯ ಮೇಲೆ ಜೋಡಿ ನಳಿಗೆಯ ಬಂದೂಕು ತೂಗುತ್ತಿತ್ತು. ಅಷ್ಟೇ.

ಈ ಸಲ ಗೌಡರ ಅಣ್ಣನ ಮಗ ನಿಂತಿದ್ದ. ಅವನ ಎದುರಿಗೆ ಕೆಳಗಿನ ಓಣಿಯ ಕಸ್ತೂರಿ ನಿಂತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿ ತಾನೇ ನಡೆಸುತ್ತಿದ್ದಳು. ಬಾಯಿ ಜೋರು. ಯಾಕೆ ನಿಂತೆ ಎಂದು ನಾನೇ ಒಮ್ಮೆ ಕೇಳಿದ್ದೆ. "ಈ ಓಣಿ ಮಂದಿ ತಮ್ಮ ಮನಸಿಗೆ ಬಂದಂಗ ಒಮ್ಮೆರ ಶಿಕ್ಕಾ ಹೊಡದದ್ದು ನಾ ನೋಡಬೇಕ್ರಿ. ನನಗ ಹೊಡೀದಿದ್ರೂ ಚಿಂತಿಲ್ಲ," ಎಂದಿದ್ದಳು. ಮತಪತ್ರಕ್ಕೆ ಒತ್ತುವ ಮುದ್ರೆಗೆ ನಮ್ಮ ಕಡೆ ಶಿಕ್ಕಾ ಎನ್ನುತ್ತಾರೆ.

ಗೌಡರ ಬಂದೂಕು ಠೇವಣಿಯಾಗಬೇಕೆಂದು ಆದೇಶವಾಯಿತು. ಅವರು ಹಾಸಿಗೆ ಹಿಡಿದಿದ್ದರು, ಮನೆಯವರು ಯಾರೂ ತರಲು ಮುಂದೆ ಬರಲಿಲ್ಲ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು, ಬೇರೆ ಜಿಲ್ಲೆಯಿಂದ ಬಂದಿದ್ದ ಚುರುಕಾದ ತರುಣ, "ನೀವೇ ಜೀಪಿನಲ್ಲಿ ಹೋಗಿ ತನ್ನಿ, ಜನರೂ ನೋಡಲಿ, ಧೈರ್ಯ ಬರಲಿ," ಎಂದರು. ಮಧ್ಯಾಹ್ನ ಹೋದೆ.

ಗೌಡರು ಮಂಚದ ಮೇಲಿಂದಲೇ ನೋಡುತ್ತಿದ್ದರು. ನಾನು ಬಂದೂಕು ಇಳಿಸಿದೆ. ಗೋಡೆಯ ಮೇಲೆ ಅದರ ಆಕಾರದ ಬೆಳ್ಳನೆಯ ಗುರುತು ಉಳಿಯಿತು, ಸುತ್ತಲ ಸುಣ್ಣಕ್ಕಿಂತ ಹೊಸದು.

"ಹವಾಲ್ದಾರ್ರ, ಅದು ಗ್ವಾಡಿಗೇ ಇರ್ಲಿ ಬಿಡ್ರಿ," ಎಂದರು ಗೌಡರು. "ಗ್ವಾಡಿ ಮ್ಯಾಲಿದ್ರ ಅದು ಎಲ್ಲೈತಿ ಅಂತ ಎಲ್ಲಾರಿಗೂ ಗೊತ್ತಿರ್ತೈತಿ. ಇಳಿಸಿದ್ರ ಎಲ್ಲಿಗೆ ಹೋಗ್ತೈತೋ ಏನೋ."

"ಠಾಣಿಗೆ ಹೋಗ್ತೈತ್ರಿ ಗೌಡ್ರ. ಕೀಲಿ ನನ್ನ ಹಂತ್ಯಾಕ ಇರ್ತೈತಿ."

ಅವರು ಮುಖ ಆಚೆ ತಿರುಗಿಸಿದರು. ಸೊಸೆ ಆರತಿ ತಟ್ಟೆ ತಂದಳು. ಮನೆಯ ಶಸ್ತ್ರ ಬೊಟ್ಟಿಲ್ಲದೆ ಹೊಸ್ತಿಲು ದಾಟಬಾರದೆಂದು ಬಂದೂಕಿಗೆ ಕುಂಕುಮ ಹಚ್ಚಿ, ಬೆಳಗಿ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ನಾನು ಬೇಡ ಎನ್ನಲಿಲ್ಲ. ಜೀಪಿನ ಹಿಂಬದಿಯಲ್ಲಿ ಚುನಾವಣೆಯ ಸಾಮಾನು ತುಂಬಿತ್ತು, ಆದ್ದರಿಂದ ಡ್ರೈವರ್ ಅದನ್ನು ಮುಂದಿನ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿದ. ನಾನು ಹಿಂದೆ ಕೂತೆ. ಕೆಳಗಿನ ಓಣಿಯಲ್ಲಿ ಹಾದು ಬರುವಾಗ ಜನ ಬಾಗಿಲಲ್ಲಿ ನಿಂತಿದ್ದರು. ಕಸ್ತೂರಿ ಒಬ್ಬಳೇ ಗಿರಣಿಯಿಂದ ಹೊರಬಂದು ಹಿಟ್ಟಿನ ಕೈ ಝಾಡಿಸಿ ಕೂಗಿದಳು. "ಹೊತ್ತಾತ್ರಿ ಸಾಹೇಬ್ರ! ನಮ್ಮಪ್ಪನ ಕಾಲಕ್ಕ ಬರಬೇಕಿತ್ತು ನೀವು!"

ಠಾಣೆಯಲ್ಲಿ ಬಟ್ಟೆ ಬಿಚ್ಚಿ ಪರೀಕ್ಷಿಸಿದೆ. ಎರಡೂ ನಳಿಗೆಗಳಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು, ಗಟ್ಟಿಯಾಗಿ ಒಣಗಿದ ಹಳೆಯ ಮಣ್ಣು. ಕಾಡತೂಸಿಗೆ ಬಡಿಯುವ ಪಿನ್ನುಗಳು ಎರಡೂ ಇರಲಿಲ್ಲ. ಆ ಬಂದೂಕು ಎಷ್ಟೋ ವರ್ಷಗಳ ಹಿಂದೆಯೇ ಸತ್ತಿತ್ತು. ಬಂದದ್ದನ್ನು ಬಂದ ಹಾಗೆಯೇ ಇಡಬೇಕೆಂಬುದು ನಿಯಮ. ಮಣ್ಣು ತೆಗೆಯದೆ ಫೋಟೊ ತೆಗೆದು ಗೋಡೆಗೆ ಒರಗಿಸಿ ಕೀಲಿ ಹಾಕಿದೆ.

ವಾರ ಕಳೆದಿರಲಿಲ್ಲ, ಕಸ್ತೂರಿ ಠಾಣೆಗೆ ಬಂದಳು. ಕಿವಿಯ ಹಿಂದೆ, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು.

"ಬಂದೂಕ ವಾಪಸ್ ಕೊಟ್ರೇನ್ರಿ?"

"ಇಲ್ಲವ್ವಾ. ಯಾಕ?"

"ದಿನಾ ದೀಪಾ ಹಚ್ಚೂ ಹೊತ್ತಿಗೆ ಗೌಡ್ರ ತ್ವಾಟದ ಕಡೆಯಿಂದ ಒಂದ ಸಲ ಹಾರಸ್ತಾರಂತ. ಎಲ್ಲಾರೂ ಕೇಳ್ಯಾರ. ಗ್ವಾಡಿ ಮ್ಯಾಲಿದ್ದಾಗ ಒಂದ ದಿನಾನೂ ಸಪ್ಪಳ ಆಗಿರಲಿಲ್ಲ, ಈಗ ದಿನಾ ಆಗಾಕತ್ತೈತಿ. ನನ್ನ ಗಿರಣಿಗೆ ಯಾರೂ ಬರವಲ್ರು. ಜ್ವಾಳದ ಬುಟ್ಟಿ ಹೊತ್ಕೊಂಡು ಟಿಕೋಟಾಕ ಹೊಂಟಾರ್ರಿ!"

"ನೀ ಕೇಳೀಯೇನು?"

ಅವಳು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡಳು. "ಗಿರಣಿ ಸಪ್ಪಳದಾಗ ನನಗ ಕೇಳಿರಲಿಲ್ರಿ. ನಿನ್ನೆ ಗಿರಣಿ ಖಾಲಿ ಇತ್ತು. ಕೇಳಿತು."

ಕೋಣೆ ತೆರೆದೆ. ಬಂದೂಕು ಇದ್ದಲ್ಲೇ ಇತ್ತು, ಮಣ್ಣು ಒಡೆದಿರಲಿಲ್ಲ. ಸಾಹೇಬರ ಅನುಮತಿ ಪಡೆದು ಮರುದಿನ ಅವಳ ಗಿರಣಿಗೆ ಹೋದೆ. ಜೀಪು ಹೊರಗೆ ನಿಂತಿತ್ತು. ಹೊತ್ತು ಮುಳುಗುವಾಗ ಎದುರಿನ ಬೇವಿನ ಮರದಲ್ಲಿ ಗುಬ್ಬಿಗಳು ತುಂಬಿದ್ದವು, ಕೆಳಗೆ ಒಂದು ನಾಯಿ ಮಲಗಿತ್ತು. ಆಗ ಶಬ್ದ ಬಂತು. ಒಂದೇ ಒಂದು. ಕಂಬಳಿಯ ಒಳಗೆ ಹೊಡೆದ ಹಾಗೆ ಮಬ್ಬಾದ, ಆದರೆ ಬಂದೂಕಿನದೇ ಶಬ್ದ. ಸೇವೆಯುದ್ದಕ್ಕೂ ಕೇಳಿದವನು ನಾನು, ತಪ್ಪುವುದಿಲ್ಲ.

ಗುಬ್ಬಿಗಳು ಹಾರಲಿಲ್ಲ. ನಾಯಿ ಕಿವಿ ಎತ್ತಲಿಲ್ಲ.

ಆ ಕ್ಷಣ ನಾನು ಕಸ್ತೂರಿಯ ಮುಖ ನೋಡಿದೆ. ಅವಳು ಮರ ನೋಡುತ್ತಿದ್ದಳು.

ತೋಟಕ್ಕೆ ಹೋದೆ. ದ್ರಾಕ್ಷಿ ಕೊಯ್ದು ಮುಗಿದಿತ್ತು. ಹಕ್ಕಿ ಓಡಿಸಲು ಕೆಲವರು ಕೊಳವೆಯಲ್ಲಿ ಕಾರ್ಬೈಡ್ ಹಾಕಿ ಸದ್ದು ಮಾಡುತ್ತಾರೆ, ಅಂಥದ್ದು ಇರಬಹುದೆಂದು ಹುಡುಕಿದೆ. ಕಾಯುವುದಕ್ಕೆ ಅಲ್ಲಿ ಹಣ್ಣೇ ಇರಲಿಲ್ಲ. ಕೊಳವೆಯೂ ಇರಲಿಲ್ಲ. ಸುಟ್ಟ ವಾಸನೆ ಇರಲಿಲ್ಲ. ಒಣದ್ರಾಕ್ಷಿ ಮಾಡುವ ಶೆಡ್ಡಿನ ಹಸಿರು ಬಲೆ ಗಾಳಿಗೆ ಆಡುತ್ತಿತ್ತು. ಶಬ್ದ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿಲ್ಲ.

ಸಾಹೇಬರಿಗೆ ಹೇಳಿದೆ. ಹಕ್ಕಿಗಳ ವಿಷಯ ಹೇಳಲಿಲ್ಲ. ಅವರು ಸ್ವಲ್ಪ ಯೋಚಿಸಿ, "ಬಂದೂಕು ಇಲ್ಲೇ ಇದೆ ಎಂದು ಅವರ ಕಣ್ಣಿಗೇ ತೋರಿಸೋಣ. ಓಣಿಯ ಹಿರಿಯರನ್ನು ಕರೆಸಿ. ಗೌಡರ ಕಡೆಯವರು ಕೇಳಿದರೆ ಅವರಿಗೂ ತೋರಿಸೋಣ," ಎಂದರು. ಒಳ್ಳೆಯ ಉಪಾಯ ಎಂದು ನನಗೂ ಅನ್ನಿಸಿತು. ಕಸ್ತೂರಿ ಒಂದು ಟಂಟಂ ಗೊತ್ತು ಮಾಡಿ ತಾನೇ ಅವರನ್ನು ಕೂರಿಸಿಕೊಂಡು ಬಂದಳು. ಗೌಡರ ಕಡೆಯವರು ಯಾರೂ ಬರಲಿಲ್ಲ.

ಹಿರಿಯರಲ್ಲಿ ಗಂಗವ್ವ ಎಂಬ ಮುದುಕಿ ಮುಂದಿದ್ದಳು. ಶಸ್ತ್ರದ ಕೋಣೆಯ ಹೊರಗೆ ಚಪ್ಪಲಿ ಬಿಟ್ಟಳು, ಉಳಿದವರೂ ಬಿಟ್ಟರು. ನಾನು ಬಂದೂಕು ಎತ್ತಿ ಬೆಳಕಿಗೆ ಹಿಡಿದೆ.

"ನೋಡ್ರಿ ಯವ್ವಾ, ಮಣ್ಣು. ಹುಳಾ ಗೂಡ ಕಟ್ಟೈತಿ. ಪಿನ್ನೂ ಇಲ್ಲ. ಇದು ಹಾರೂದಿಲ್ಲ. ಸತ್ತೈತಿ."

ಗಂಗವ್ವ ಕಣ್ಣು ಕಿರಿದು ಮಾಡಿ ನಳಿಗೆಯ ಬಾಯಿ ನೋಡಿದಳು. "ಸತ್ತೈತೇನ್ರಿ?"

"ಹೌದ್ರಿ. ಎಂದೋ ಸತ್ತೈತಿ."

"ಅದಕ್ಕ," ಎಂದಳು ಪಕ್ಕದ ಮುದುಕನಿಗೆ, ಬಹಳ ಮೆಲ್ಲಗೆ. "ಅದಕ್ಕ ತಿರಗಾಡಾಕತ್ತೈತಿ."

ನಂತರ ಅವರೆಲ್ಲ ಬಂದೂಕಿಗೆ ನಮಸ್ಕರಿಸಿದರು. ಹೊರಗೆ ಬಂದಾಗ ಕಸ್ತೂರಿಗೂ ನಮಸ್ಕರಿಸಿದರು. ಅವಳು ನಕ್ಕು, "ಏ, ನನಗ್ಯಾಕ್ರಿ? ನಾ ಏನ್ ದೇವ್ರೇನ?" ಎಂದಳು. ಯಾರೂ ನಗಲಿಲ್ಲ. ಸಾಹೇಬರು ಕಿಟಕಿಯಿಂದ ನೋಡಿ, "ಮುಗಿಯಿತು ನೋಡಿ, ಇಷ್ಟೇ," ಎಂದರು.

ಮರುದಿನದಿಂದ ಗಿರಣಿಗೆ ಜನ ಬರತೊಡಗಿದರು. ಕಸ್ತೂರಿ ಫೋನ್ ಮಾಡಿ ಸಂತೋಷ ಹೇಳಿದಳು. ಶಬ್ದ ನಿಂತಿತೇ ಎಂದು ಕೇಳಿದೆ. "ಗಿರಣಿ ದಿನಾ ತಿರಗತೈತ್ರಿ, ನನಗ ಹ್ಯಾಂಗ ಕೇಳಬೇಕು?" ಎಂದಳು.

ಮತದಾನದ ದಿನ ಊರಿನ ಶಾಲೆಯಲ್ಲಿ ನನ್ನದೇ ಬಂದೋಬಸ್ತ್. ಇಲ್ಲಿ ರೈಫಲ್ ಬೇಡ, ಲಾಠಿ ಸಾಕು ಎಂದು ನಾನು ಕೇಳಿಕೊಂಡಿದ್ದೆ, ಸಾಹೇಬರು ಒಪ್ಪಿದ್ದರು. ಬೆಳಿಗ್ಗೆಯೇ ಸಾಲು ನಿಂತಿತು. ಸಾಮಾನ್ಯವಾಗಿ ಸಾಲಿನಲ್ಲಿ ಗದ್ದಲ ಇರುತ್ತದೆ, ಚೀಟಿ ಕಳೆದುಕೊಂಡವರು, ಒಬ್ಬರನ್ನೊಬ್ಬರು ಕಾಡಿಸುವವರು. ಅಂದು ಸೀರೆಯ ಸರಬರ ಮಾತ್ರ ಕೇಳುತ್ತಿತ್ತು. ಹತ್ತಿರ ಬಂದ ಪ್ರತಿಯೊಬ್ಬರೂ ಮೊದಲು ನನ್ನ ಕೈ ನೋಡುತ್ತಿದ್ದರು. ಆಮೇಲೆ ಗೇಟಿನಾಚೆ, ಗೆರೆಯ ಹೊರಗೆ ನಿಂತಿದ್ದ ಕಸ್ತೂರಿಯ ಕೈ ನೋಡುತ್ತಿದ್ದರು.

ಒಬ್ಬ ಮುದುಕ ನನ್ನ ಪಕ್ಕ ನಿಂತು ಪಿಸುಗುಟ್ಟಿದ. "ಯಾರಿಗೆ ಹೊಡೀಬೇಕ್ರಿ ಶಿಕ್ಕಾ?"

"ಅದನ್ನ ನಾ ಹೇಳಂಗಿಲ್ರಿ ಅಜ್ಜಾರ. ನಿಮ್ಮ ಮನಸಿಗೆ ಬಂದವ್ರಿಗೆ ಹೊಡೀರಿ."

ಅವನು ನನ್ನನ್ನು ನೋಡಿದ. ತಿರುಗಿ ಕಸ್ತೂರಿಯನ್ನು ನೋಡಿದ. "ತಿಳೀತ್ರಿ," ಎಂದು ಒಳಗೆ ಹೋದ.

ಕಸ್ತೂರಿ ಗೆದ್ದಳು. ಅಂಥಿಂಥ ಗೆಲುವಲ್ಲ. ಎದುರಾಳಿಗೆ ಅವನ ಸ್ವಂತ ಮನೆಯವರ ಮತವೂ ಪೂರ್ತಿ ಬಿದ್ದಿರಲಿಲ್ಲ ಎಂದು ಎಣಿಕೆಯ ಕಡೆಯಿಂದ ಬಂದವರು ಹೇಳಿದರು. ಸಾಹೇಬರು ಪೇಢಾ ತರಿಸಿ ಎಲ್ಲರಿಗೂ ಹಂಚಿ, "ಕಾನೂನು ಸರಿಯಾಗಿ ಜಾರಿಯಾದರೆ ಮತದಾರ ಹೇಗೆ ಬದಲಾಗುತ್ತಾನೆ ನೋಡಿದಿರಾ?" ಎಂದರು.

ಎರಡು ದಿನ ಬಿಟ್ಟು ಕಸ್ತೂರಿ ಬಂದಳು. ಹಣೆಯ ಮೇಲೆ, ಕೊರಳಲ್ಲಿ ಗುಲಾಲಿನ ಬಣ್ಣ ಇನ್ನೂ ಹೋಗಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

"ಆ ಬಂದೂಕ ವಾಪಸ್ ಕೊಡ್ರಿ ಸಾಹೇಬ್ರ. ಇವತ್ತ ಕೊಡ್ರಿ. ಅವರ ಗ್ವಾಡಿಗೆ ಹಾಕ್ರಿ, ಎಲ್ಲಾರಿಗೂ ಕಾಣೂ ಹಂಗ."

"ಯಾಕವ್ವಾ? ಗೆದ್ದೀಯಲ್ಲ?"

"ಆರತಿ ಮಾಡಾಕ ಬಂದ ಹೆಣಮಕ್ಕಳು ಕೇಳಿದ್ರು, 'ಅದನ್ನ ಎಲ್ಲಿಟ್ಟೀರಿ?' ಅಂತ. 'ಏನನ್ನ?' ಅಂದ್ನಿ. ಆಮ್ಯಾಲ ಗಂಗವ್ವ ಹೇಳಿದಳು." ಅವಳ ಧ್ವನಿ ಇಳಿಯಿತು. "ನೀವು ಕುಂಕುಮಾ ಹಚ್ಚಿಸಿ ಜೀಪಿನ್ಯಾಗ ಮುಂದ ಕುಂದ್ರಿಸಿ ತಂದ್ರಿ. ನಿಮ್ಮ ಜೀಪು ನಮ್ಮ ಗಿರಣಿ ಮುಂದ ಬಂದು ನಿಂತಿತು. ಹಿರ್ಯಾರನ್ನ ನಾನ ಕರ್ಕೊಂಡ ಬಂದು ತೋರಿಸಿದ್ನಿ. ಮಂದಿ ಲೆಕ್ಕಾ ಹಾಕ್ಯಾರ. ಗೌಡ್ರ ಕೈಯಾಗಿಂದ ಅದು ಸರಕಾರದ ಕೈಗೆ ಬಂತು, ಸರಕಾರ ಅದನ್ನ ಕಸ್ತೂರಿಗೆ ಕೊಟ್ಟೈತಿ ಅಂತ. ನನಗ ಒಬ್ರೂ ಮನಸಿನಿಂದ ಹಾಕಿಲ್ರಿ. ಆ ಬಂದೂಕಿಗೆ ಹಾಕ್ಯಾರ."

ಠೇವಣಿಯ ಅವಧಿ ಮುಗಿಯುವ ಮೊದಲು ಕೊಡುವಂತಿಲ್ಲ ಎಂದೆ.

"ಈಗ ಸಪ್ಪಳ ತ್ವಾಟದ ಕಡೆಯಿಂದ ಬರೂದಿಲ್ಲಂತ್ರಿ," ಎಂದಳು. "ನಮ್ಮ ಗಿರಣಿ ಹಿಂದಿನಿಂದ ಬರತೈತಂತ."

ಹೊಸಬರಿಗೆ ನಾನು ಹೇಳಬೇಕಾದ ಮಾತು ಇಷ್ಟೇ. ಬಂದೂಕು ತರಲು ನೀವಾಗಿ ಹೋಗಬೇಡಿ. ಮಾಲೀಕನೋ ಅವನ ಮನೆಯವರೋ ತಂದು ಒಪ್ಪಿಸಲಿ. ಅನಿವಾರ್ಯವಾಗಿ ಹೋದರೆ ಆರತಿಗೆ, ಬಟ್ಟೆಗೆ ಎಡೆ ಕೊಡಬೇಡಿ. ಯಾವ ಅಭ್ಯರ್ಥಿಯ ಬಾಗಿಲಲ್ಲೂ ಜೀಪು ನಿಲ್ಲಿಸಬೇಡಿ. ಇದಿಷ್ಟು ಮಾಡಿದರೆ ಸಾಕೇ ಎಂದು ಕೇಳಿದರೆ, ನನಗೆ ಗೊತ್ತಿಲ್ಲ.

ಠೇವಣಿಯ ಅವಧಿ ಮುಗಿದ ದಿನವೇ ಗೌಡರ ಸೊಸೆ ಬಂದು ಸಹಿ ಹಾಕಿ ಬಂದೂಕು ಒಯ್ದಳು. ನಾನು ಹಿಂದಿನಿಂದ ಬಸ್ಸಿನಲ್ಲಿ ಹೋದೆ, ಸಮವಸ್ತ್ರ ಹಾಕಿರಲಿಲ್ಲ. ಪಡಸಾಲೆಯ ಬಾಗಿಲು ಅಗಲಕ್ಕೆ ತೆರೆದಿತ್ತು. ಬಂದೂಕು ಗೋಡೆಗೆ ಏರಿತ್ತು, ಆದರೆ ಒಂದು ಬೆರಳಿನಷ್ಟು ಓರೆಯಾಗಿ, ಹಳೆಯ ಗುರುತಿನ ಒಂದು ಅಂಚು ಹೊರಗೆ ಕಾಣುತ್ತಿತ್ತು. ನಳಿಗೆಯೊಳಗೆ ಬೆರಳಿಟ್ಟು ನೋಡಿದೆ. ಮಣ್ಣು ಇತ್ತು. ಗೌಡರು ಮಂಚದಿಂದ, "ಇದಾ ಏನ್ರಿ ಅದು?" ಎಂದು ಕೇಳಿದರು. ಇದೇ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಅಲ್ಲಿಂದ ಗಿರಣಿಗೆ ನಡೆದು ಬಂದೆ. ಹೊತ್ತು ಮುಳುಗುತ್ತಿತ್ತು. ಗಿರಣಿಯ ಪಟ್ಟೆ ತಿರುಗುತ್ತಿತ್ತು, ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಗೋಡೆಗುಂಟ ಸಾಲಾಗಿ ಕೂತಿದ್ದರು, ಗಂಗವ್ವನೂ ಅವರಲ್ಲಿದ್ದಳು. ಹಿಟ್ಟು ದಪ್ಪಾಯಿತು ಎನ್ನುವವರಿಲ್ಲ, ನನ್ನ ಸರದಿ ಮೊದಲು ಎನ್ನುವವರಿಲ್ಲ. ಕಸ್ತೂರಿ ಹಿಟ್ಟು ತುಂಬುತ್ತ ಒಂದೊಂದೇ ಮಾತು ಎಳೆದು ನೋಡುತ್ತಿದ್ದಳು. "ಏನ ಬೇ ರೇಣುಕಾ, ಈ ಸಲ ಜ್ವಾಳದಾಗ ಕಲ್ಲ ಬಾಳ ತಂದೀಯಲ್ಲ, ಮನಿ ಕಟ್ಟಸ್ತೀಯೇನ?" ಆ ಹೆಂಗಸು ಹೆದರಿ ಎದ್ದು ಬುಟ್ಟಿ ಹಿಂದಕ್ಕೆ ಎಳೆದುಕೊಂಡಳು. "ತಪ್ಪಾತ್ರಿ, ಆರಿಸ್ಕೊಂಡ ಬರ್ತೀನ್ರಿ," ಎಂದಳು.

ಆಗ, ಪಟ್ಟೆಯ ಸದ್ದಿನ ನಡುವೆಯೇ, ಸಾಲಿನಲ್ಲಿದ್ದ ಎಲ್ಲರ ತಲೆಯೂ ಒಟ್ಟಿಗೆ ಗಿರಣಿಯ ಹಿಂದಿನ ಗೋಡೆಯ ಕಡೆ ತಿರುಗಿತು.

ನನಗೆ ಏನೂ ಕೇಳಿಸಲಿಲ್ಲ.

ಕಸ್ತೂರಿ ಗಿರಣಿ ಬಂದ್ ಮಾಡಿದಳು. ಹಿಂದಿನ ಬಾಗಿಲು ತೆರೆದು ಹೊರಗೆ ಹೋದಳು. ಅಲ್ಲಿ ನಿಂತು ಸುತ್ತಲೂ ನೋಡಿ ಒಳಗೆ ಬಂದಳು. ಬಾಗಿಲನ್ನು ಮುಚ್ಚದೆ ಹಾಗೇ ಬಿಟ್ಟಳು, ಎಲ್ಲರಿಗೂ ಕಾಣಲಿ ಎಂದು. ಆಚೆ ಖಾಲಿ ಜಾಗ, ಒಂದು ಮುರುಕು ಬಂಡಿಯ ಗಾಲಿ, ಕತ್ತಲಾಗುತ್ತಿರುವ ಹೊಲ.

"ನೋಡ್ರಿ, ಅಲ್ಲಿ ಏನೂ ಇಲ್ಲ," ಎಂದಳು. ಕೂಗಿ ಹೇಳಬೇಕೆಂದಿದ್ದಳು, ಧ್ವನಿ ಏಳಲಿಲ್ಲ. "ಯವ್ವಾ ಗಂಗವ್ವಾ, ನಿನಗರ ಹೇಳಾಕತ್ತೇನಿ. ನಾನ ಹೋಗಿ ನೋಡಿ ಬಂದೇನಿ. ಏನೂ ಇಲ್ಲ ಅಲ್ಲಿ."

ಗಂಗವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅವಳ ಹಿಂದೆ ಉಳಿದವರೂ ಎದ್ದು ನಿಂತರು.

"ಹೌದ್ರಿ," ಎಂದಳು ಗಂಗವ್ವ. "ನೀವು ಇಲ್ಲಂದ ಮ್ಯಾಲ ಇಲ್ರಿ."